ನೀರುಳ್ಳಿ ಮುಟ್ಟದ ಹುಡುಗಿ ಮತ್ತು ನಮ್ಮ ಗ್ರೂಪ್ ವರ್ಕ್

ಪ್ರೀತಿಯ ಗೆಳೆಯಾ,

ನೀನು ಪಾಠ ಮಾಡುವ ಮಂಗಳೂರಿನ ಹೊಸ ಶಾಲೆಯಲ್ಲಿ ಮಕ್ಕಳ ಗ್ರೂಪ್ ಮಾಡುವುದೇ ತಲೆಬಿಸಿ ಎಂದು ಬರೆದಿದ್ದೀಯ. ಒಬ್ಬಳಿಗೆ ವ್ರತ, ಇನ್ನೊಬ್ಬನಿಗೆ ಉಪವಾಸ, ಮತ್ತೊಬ್ಬ ಚಿತ್ರ ಬಿಡಿಸುವುದಿಲ್ಲ ಎನ್ನುತ್ತಾನೆ. ಎಲ್ಲರಿಗೂ ಒಂದೇ ನಿಯಮ ಅಂತ ಹೇಳಿ ಸುಮ್ನಿರಲಾ ಎಂದು ಕೇಳಿದ್ದೀಯ. ಬೇಡ ಮಾರಾಯ.

ಒಂಬತ್ತನೇ ಕ್ಲಾಸಿನ ಜೀವಕೋಶದ ಪಾಠ ನಿನಗೆ ಗೊತ್ತಲ್ಲ. ನೀರುಳ್ಳಿಯ ತೆಳು ಪೊರೆ ಎಳೆದು, ಸ್ಲೈಡಿನ ಮೇಲಿಟ್ಟು, ಅಯೋಡಿನ್ ಬಿಟ್ಟು ನೋಡಬೇಕು. ನಮ್ಮ ಕ್ಲಾಸಿನಲ್ಲಿ ಕಾರ್ಕಳ ಕಡೆಯ ಜೈನ ಮನೆಯ ಹುಡುಗಿಯೊಬ್ಬಳು ಹಿಂದೆ ಸರಿದಳು. ಗಡ್ಡೆ ಕಿತ್ತರೆ ಅದರ ಜೊತೆ ಕಣ್ಣಿಗೆ ಕಾಣದ ಎಷ್ಟೋ ಜೀವ ಹೋಗುತ್ತದೆ ಎನ್ನುವುದು ಅವರ ನಂಬಿಕೆ. "ನಿನಗೆ ತಿನ್ನಲಿಕ್ಕೆ ಹೇಳಿದ್ದಾ?" ಎಂದು ಗ್ರೂಪಿನವರು ನಕ್ಕರು. ಹದಿನಾಲ್ಕರ ಮಗು ಇಡೀ ಕ್ಲಾಸಿನ ಎದುರು ತನ್ನ ಮನೆಯ ಧರ್ಮಕ್ಕೆ ಸಮಜಾಯಿಷಿ ಕೊಡಬೇಕಾಯಿತು. ನನಗೆ ತುಂಬಾ ನೋವಾದದ್ದು ಅದಕ್ಕೆ.

ಈಗ ಮೇಜಿನ ಮೇಲೆ ನೀರುಳ್ಳಿಯ ಜೊತೆ ರಿಯೋ ಎಂಬ ಅಲಂಕಾರದ ಗಿಡದ ಎಲೆಯೂ ಇರುತ್ತದೆ. ಹೇಗೂ ಅದೇ ಪಾಠದಲ್ಲಿ ಮುಂದೆ ಅದು ಬೇಕು. ಎಲೆಯ ಅಡಿಭಾಗ ನೇರಳೆ, ಬಣ್ಣ ಹಾಕದೆಯೂ ಕೋಶ ಕಾಣುತ್ತದೆ. ಯಾವ ಗ್ರೂಪ್ ಯಾವುದನ್ನು ತೆಗೆದುಕೊಂಡರೂ ಸರಿ, ಕಾರಣ ಕೇಳುವುದಿಲ್ಲ. ಒಂದು ಮಗುವಿಗೆ ವಿನಾಯಿತಿ ಕೊಟ್ಟರೆ ಅದು ಒಂಟಿಯಾಗುತ್ತದೆ, ಉಳಿದವರಿಗೆ ಸಿಟ್ಟು. ಎಲ್ಲರಿಗೂ ಆಯ್ಕೆ ಇಟ್ಟರೆ ಆ ಮಾತೇ ಏಳುವುದಿಲ್ಲ. ಅಂಕದಲ್ಲೂ ಒಂದು ಪಾಲನ್ನು ಅವರವರ ಕೆಲಸಕ್ಕೇ ಇಡು.

ರಂಜಾನ್ ತಿಂಗಳಲ್ಲಿ ಶಾಲೆ ಬಿಟ್ಟ ಮೇಲೆ ಪ್ರಾಜೆಕ್ಟ್ ಕೆಲಸ ಬೇಡ, ಮಕ್ಕಳು ಇಫ್ತಾರಿಗೆ ಮನೆ ಸೇರಬೇಕು. ಸೆಪ್ಟೆಂಬರ್ 8ರಂದು ಕ್ಯಾಥೊಲಿಕರು ಮಾಡುವ ಮೊಂತಿ ಫೆಸ್ತ್, ಕೃಷ್ಣಾಷ್ಟಮಿಯ ನಮ್ಮ ವಿಟ್ಲಪಿಂಡಿ, ಇವುಗಳ ಮರುದಿನ ಚಾರ್ಟ್ ಕೇಳಬೇಡ. ಮನುಷ್ಯರ ಚಿತ್ರ ಬಿಡಿಸಲಾರೆ ಎಂದವನು ನಕ್ಷೆ ಬಿಡಿಸಲಿ. ಆದರೆ ಹೆಸರು ನೋಡಿ ಊಹೆ ಮಾತ್ರ ಮಾಡಬೇಡ. ಒಂದೇ ಜಾತಿಯ ಎರಡು ಮನೆಗಳಲ್ಲೂ ಆಚಾರ ಬೇರೆ ಇರುತ್ತದೆ. ಯಾವ ಕೆಲಸ, ಯಾವ ದಿನ ಕಷ್ಟ ಎಂದು ಜೂನ್‌ನಲ್ಲೇ ಎಲ್ಲರಿಂದಲೂ ಚೀಟಿ ಬರೆಸಿಕೊ, ನೀನೊಬ್ಬನೇ ಓದು.

ನಂಬಿಕೆಗೆ ಜಾಗ ಕೊಡುವ ಮಾತು ಕೋರ್ಟಿನವರೆಗೂ ಹೋಗಿದೆ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಹೊರಹಾಕಿತ್ತು. ಮಕ್ಕಳು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೇ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ನಂಬಿಕೆ ನಮಗೆ ಸರಿ ಕಾಣಬೇಕೆಂದಿಲ್ಲ, ಅವರು ಅದನ್ನು ಮನಸ್ಸಿಟ್ಟು ನಂಬಿದ್ದರೆ ಸಾಕು ಎನ್ನುವುದು ಆ ತೀರ್ಪಿನ ತಿರುಳು. 2022ರ ಹಿಜಾಬ್ ವಿವಾದದ ನಂತರ ನಮ್ಮ ಉಡುಪಿಯಲ್ಲಿ ಇಂಥ ಮಾತೆತ್ತಲು ಮಾಷ್ಟ್ರುಗಳಿಗೇ ಹೆದರಿಕೆ. ಆ ಅಕ್ಟೋಬರಿನಲ್ಲಿ ಕ್ಲಾಸಿನಲ್ಲಿ ಹಿಜಾಬ್ ಹಾಕುವ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೂ ಒಮ್ಮತ ಬರಲಿಲ್ಲ. ಆದರೆ ಗ್ರೂಪ್ ವರ್ಕ್ ಹೇಗಿರಬೇಕು ಎನ್ನುವುದು ನಮ್ಮ ಕೈಯಲ್ಲೇ ಇದೆ ಅಲ್ವಾ?

ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲು. ತನ್ನ ಊಟ, ತನ್ನ ಪ್ರಾರ್ಥನೆ, ತನ್ನ ಕೈಕೆಲಸದ ಬಗ್ಗೆ ಮಗು ಏನೇ ಹೇಳಲಿ, ದಾರಿ ಹುಡುಕು. "ಆ ಜಾತಿಯವನ ಜೊತೆ ಕೂರುವುದಿಲ್ಲ", "ಹುಡುಗಿ ಲೀಡರ್ ಆದರೆ ಕೇಳುವುದಿಲ್ಲ" ಎಂದರೆ ಅದಕ್ಕೆ ಧರ್ಮದ ಹೆಸರು ಕೊಟ್ಟರೂ ಗ್ರೂಪ್ ಬದಲಿಸಬೇಡ. ಅಲ್ಲಿ ಪೆಟ್ಟು ಬೀಳುವುದು ಇನ್ನೊಂದು ಮಗುವಿಗೆ. ಮನೆಯವರನ್ನು ಕರೆಸು, ಹೆಡ್‌ಮಾಸ್ಟರನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡು.

ಇಂತಿ,
ನಿನ್ನ ಉಡುಪಿಯ ಗೆಳೆಯ