ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವ ಮಗಳಿಗೆ

ಮಗೂ,

ಬೆಳೆಗಳ ತಳಿ ಸುಧಾರಣೆಯಲ್ಲಿ ಪಿಎಚ್‌ಡಿ ಮಾಡೋ ನಿನ್ನ ಮೇಲ್ ಓದಿದೆ. "ಈಗ ಯಾವುದಕ್ಕೆ ಮಾರ್ಕೆಟ್ ಇದೆಯೋ ಅದನ್ನೇ ಹಿಡಿ" ಅಂತ ಸೀನಿಯರ್‌ಗಳೆಲ್ಲ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ನಾನು ವಿಜ್ಞಾನಿ ಅಲ್ಲ. ರಫ್ತು ಕಂಪನಿಯಲ್ಲಿ ಮಾಲು ನೋಡಿ ಸಹಿ ಹಾಕುತ್ತಿದ್ದವನು. ಆದರೆ ಮಾರ್ಕೆಟ್ ಮಾತು ಬಂತಲ್ಲ, ಅದಕ್ಕೇ ದೊಡ್ಡಪ್ಪ ಬಾಯಿ ಹಾಕುತ್ತಿದ್ದೇನೆ.

ಮೊದಲು ವರ್ಷಗಳ ಲೆಕ್ಕ ಹಾಕು. ಗಿರಾಕಿಯ ಆಸೆ ಎರಡು ಮೂರು ವರ್ಷಕ್ಕೆ ಬದಲಾಗಿಬಿಡುತ್ತದೆ. ಹೊಸ ತಳಿ ಮಾಡೋದು ಹಾಗಲ್ಲ, ದಶಕಗಳೇ ಹಿಡಿಯಬಹುದು. ಹನಿಕ್ರಿಸ್ಪ್ ಸೇಬನ್ನೇ ನೋಡು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಕ್ರಾಸ್ ಮಾಡಿದ್ದು 1960ರಲ್ಲಿ, ಬೆಳೆಗಾರರಿಗೆ ಬಿಟ್ಟಿದ್ದು 1991ರಲ್ಲಿ. ಅವರು ಹುಡುಕುತ್ತಿದ್ದದ್ದು ಚಳಿ ತಡೆಯುವ, ಹಣ್ಣೂ ಚೆನ್ನಾಗಿರುವ ಮರವನ್ನು. ನಡುವೆ ಒಮ್ಮೆ ಅದು ಕಿತ್ತು ಬಿಸಾಡೋ ಪಟ್ಟಿಗೂ ಸೇರಿತ್ತು. ಅದರ ಕೋಶಗಳು ಬೇರೆ ಸೇಬಿಗಿಂತ ದೊಡ್ಡವು, ಕಚ್ಚಿದಾಗ ಕೋಶಗಳೇ ಒಡೆದು ಬಾಯಿ ತುಂಬ ರಸ ಬರುತ್ತದೆ, ಆ ಕರುಂ ಅನ್ನೋ ಸದ್ದಿಗೇ ಜನ ಜಾಸ್ತಿ ದುಡ್ಡು ಕೊಟ್ಟರು. ಶುರು ಮಾಡಿದಾಗ ಆ ಸದ್ದನ್ನು ಯಾರು ಕೇಳಿದ್ದರು ಹೇಳು?

ಇದಕ್ಕೆ ತಿರುಗಾಮುರುಗಾ ಕಥೆ ಕಿನೋವಾ ಅನ್ನೋ ದಕ್ಷಿಣ ಅಮೆರಿಕದ ಕಾಳಿನದ್ದು. ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷ ಅಂತ ಘೋಷಿಸಿತು. ಬೊಲಿವಿಯಾ, ಪೆರು ದೇಶಗಳ ಎತ್ತರದ ಬಯಲಿನ ರೈತರಿಗೆ ಒಳ್ಳೆ ರೇಟೂ ಸಿಕ್ಕಿತು. ರೇಟು ನೋಡಿ ಬೇರೆಯವರೂ ಬಿತ್ತಿದರು, ಒಂದೆರಡು ವರ್ಷದಲ್ಲೇ ಬೆಲೆ ಮುಗ್ಗರಿಸಿತು. ಅದರ ಜೀನೋಮ್, ಅಂದರೆ ಜೀನುಗಳ ಪೂರ್ತಿ ನಕ್ಷೆ, ಪ್ರಕಟವಾದದ್ದು ಅದೂ ಆದಮೇಲೆ, 2017ರಲ್ಲಿ! ಕಾಳಿನ ಸಿಪ್ಪೆಯಲ್ಲಿ ಸಪೋನಿನ್ ಅನ್ನೋ ಕಹಿ ಇರುತ್ತದೆ, ತೊಳೆದರೆ ನೊರೆ ಬರುತ್ತದೆ. ಆ ಕಹಿಯ ಹಿಂದಿನ ಜೀನಿನ ಸುಳಿವೂ ಆಗ ಸಿಕ್ಕಿತು. ಗಿರಾಕಿಗೆ ಕಹಿ ಬೇಡ, ಸರಿ. ಆದರೆ ಹಕ್ಕಿಗಳನ್ನು ದೂರ ಇಡುತ್ತಿದ್ದದ್ದೂ ಅದೇ ಕಹಿ ಅಲ್ವಾ.

ಇನ್ನೊಂದು ಮಾತು. ತಿನ್ನುವವರ ಆಸೆ ನೇರವಾಗಿ ಲ್ಯಾಬಿಗೆ ಬರುವುದಿಲ್ಲ. ಮಧ್ಯೆ ನಮ್ಮಂಥವರ ಕೈಯಲ್ಲಿ ಮಾಲು ಹೇಗಿರಬೇಕು ಅಂತ ಬರೆದ ಒಂದು ಹಾಳೆ ಇರುತ್ತದೆ. ಸೈಜು, ಬಣ್ಣ, ತೇವಾಂಶ, ಔಷಧಿ ಉಳಿಕೆ, ಎಷ್ಟು ದಿನ ಕೆಡದೆ ಇರುತ್ತದೆ. ರುಚಿ ಅನ್ನೋ ಕಾಲಂ ಇದ್ದ ಹಾಳೆ ನಾನು ಕಂಡಿಲ್ಲ. ಟೊಮೆಟೊ ಹಾಳಾದದ್ದು ಹೀಗೇ. ಯಾವಾಗ ಕೀಳಬೇಕು ಅಂತ ಸುಲಭವಾಗಿ ಗೊತ್ತಾಗಲಿ, ಹಣ್ಣು ಒಂದೇ ಸಮ ಕೆಂಪಾಗಲಿ ಅಂತ ಕಾಯಿಯೆಲ್ಲ ಒಂದೇ ತಿಳಿಹಸಿರು ಇರುವ ಗಿಡಗಳನ್ನೇ ದಶಕಗಟ್ಟಲೆ ಆರಿಸಿದರು. ತೊಟ್ಟಿನ ಹತ್ತಿರದ ಕಡುಹಸಿರು ಹೋಯಿತು, ಅದರ ಜೊತೆ ಸಕ್ಕರೆ ಹೆಚ್ಚಿಸುತ್ತಿದ್ದ ಒಂದು ಜೀನೂ ಕೆಟ್ಟಿತ್ತು ಅಂತ ತಿಳಿದದ್ದು 2012ರಲ್ಲಿ. ಈಗ ಕಳೆದುಹೋದ ರುಚಿ ಹುಡುಕುವುದೇ ಒಂದು ದೊಡ್ಡ ಸಂಶೋಧನೆ. ನಗಬೇಕೋ ಅಳಬೇಕೋ!

ಹಾಗಂತ ಬೇಡಿಕೆಯನ್ನು ಬೈಯುತ್ತಾ ಕೂರಬೇಡ. ದುಡ್ಡು ಬರುವುದು ಅಲ್ಲಿಂದಲೇ. ಬೀಜದ ಕಂಪನಿಗಳು ಮಾರಾಟವಾಗುವ ಬೆಳೆಗಷ್ಟೇ ಖರ್ಚು ಮಾಡುತ್ತವೆ, ಅದು ತಪ್ಪೂ ಅಲ್ಲ. ಉಳಿದದ್ದನ್ನು ಸಾರ್ವಜನಿಕ ದುಡ್ಡಿನಿಂದ ನಡೆಯುವ ಸಂಸ್ಥೆಗಳು ನೋಡಿಕೊಳ್ಳಬೇಕು. ಅಲ್ಲೂ ಈಗ ಪ್ರಾಜೆಕ್ಟ್ ಬರೆಯುವಾಗ ಫ್ಯಾಷನ್ನಿನ ಪದ ಸೇರಿಸಿದರೆ ಬೇಗ ಪಾಸಾಗುತ್ತದೆ ಅನ್ನೋ ನಂಬಿಕೆ ಇದೆಯಂತೆ. ಸೇರಿಸು, ಪರವಾಗಿಲ್ಲ. ಕೆಲಸ ಮಾತ್ರ ಗಟ್ಟಿಯಾಗಿರಲಿ.

ನೀನು ಕಳಿಸಿದ ವಿಷಯಗಳ ಪಟ್ಟಿಗೆ ಬರುತ್ತೇನೆ. ಬಟಾಣಿಯಲ್ಲಿ ಪ್ರೋಟೀನ್ ಹೆಚ್ಚಿಸುವ ವಿಷಯಕ್ಕೆ ಎರಡು ಸ್ಟಾರ್ ಹಾಕಿದ್ದೀಯ. ಬಟಾಣಿಯಂಥ ಗಿಡದ ಪ್ರೋಟೀನಿನಿಂದ ಮಾಂಸದಂಥದ್ದು ಮಾಡುವ ಕಂಪನಿ ಬಿಯಾಂಡ್ ಮೀಟ್‌ನ ಷೇರು 2019ರಲ್ಲಿ ಹೇಗೆ ಏರಿತು, ಆಮೇಲೆ ಹೇಗೆ ಬಿತ್ತು ಅಂತ ಒಮ್ಮೆ ನೋಡು. ಬಟಾಣಿ ಬಿಡು ಅಂತಲ್ಲ. ಅದೇ ಬಟಾಣಿಗೆ ಕೆನಡಾ, ಫ್ರಾನ್ಸ್ ಕಡೆ ಅಫನೊಮೈಸಿಸ್ ಅನ್ನೋ ಬೇರು ಕೊಳೆ ರೋಗ ಇದೆ. ಅದು ಒಮ್ಮೆ ಹೊಕ್ಕರೆ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ, ಆ ಹೊಲಕ್ಕೆ ಆರೆಂಟು ವರ್ಷ ಬಟಾಣಿ ಹಾಕಬೇಡಿ ಅಂತಾರೆ. ರೇಟು ಚೆನ್ನಾಗಿದ್ದಾಗ ಯಾವ ರೈತ ಅಷ್ಟು ವರ್ಷ ಕಾಯುತ್ತಾನೆ? ಬೇಗ ಬೇಗ ಬಿತ್ತುತ್ತಾನೆ, ರೋಗವೂ ಬಲಿಯುತ್ತದೆ. ಪೂರ್ತಿ ತಡೆಯುವ ತಳಿ ಇನ್ನೂ ಇಲ್ಲ. ನಿನ್ನ ಪಟ್ಟಿಯಲ್ಲಿ ಇದು ಕೊನೆಯಲ್ಲಿದೆ, ಸ್ಟಾರೂ ಇಲ್ಲ. ನನ್ನ ವೋಟು ಅದಕ್ಕೆ. ಪ್ರೋಟೀನಿನ ಹುಚ್ಚು ಇಳಿದರೂ ಬೇರು ಕೊಳೆಯೋದು ನಿಲ್ಲುವುದಿಲ್ಲ.

ಗೈಡ್ ಹತ್ತಿರ ಮಾತಾಡುವಾಗ ಎರಡು ವಿಷಯ ಸಂಕೋಚ ಇಲ್ಲದೆ ಕೇಳು. ದುಡ್ಡು ಯಾರದ್ದು, ಕೊನೆಗೆ ಬೀಜ ಯಾರ ಕೈಯಲ್ಲಿ ಇರುತ್ತದೆ. ಸುಮ್ನೆ ತಲೆ ಆಡಿಸಿ ಬರಬೇಡ. ಏನಂದರು ಅಂತ ನನಗೆ ಬರೆ.

ದೊಡ್ಡಪ್ಪ