ಕೂತು ಎದ್ದು ಕೊಟ್ಟವರಿಗೆ

ಕಳೆದ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಐದು ವರ್ಷ ಅಂತ ಮನೆಯಲ್ಲಿ ಹೇಳಿ ಹೊರಟವಳು, ಏಳು ಹಿಡಿಯಿತು. ಥೀಸಿಸ್ ಶುರುವಿನಲ್ಲಿ ಇಂಗ್ಲಿಷಿನಲ್ಲೇ ಥ್ಯಾಂಕ್ಸ್ ಬರೆದಿದ್ದೇನೆ, ಆದರೆ ಅದು ಸೇರಬೇಕಾದವರಲ್ಲಿ ಅರ್ಧ ಜನ ಅದನ್ನು ಓದುವವರೇ ಅಲ್ಲ. ಅದಕ್ಕೇ ಇಲ್ಲಿ ಇನ್ನೊಂದು ಸಲ.

ಮೊದಲು ಲ್ಯಾಬಿಗೆ ಬಂದ ಅಜ್ಜ ಅಜ್ಜಿಯರಿಗೆ. ಏನು ಕೆಲಸ ಮಾಡ್ತೀಯಾ ಅಂತ ಕೇಳಿದವರಿಗೆ 'ವಯಸ್ಸಾದವರನ್ನ ಕೂರಿಸೋದು, ಏಳಿಸೋದು' ಅನ್ನುತ್ತಿದ್ದೆ. ತಮಾಷೆ ಅಂದುಕೊಳ್ಳುತ್ತಿದ್ದರು. ನಿಜವಾಗಿಯೂ ಅಷ್ಟೇ ಕೆಲಸ. ಬೆರಳಿಗೆ ಬಿಪಿ ಪಟ್ಟಿ, ತಲೆಗೊಂದು ಬ್ಯಾಂಡು, ಕಣತಲೆಗೆ ತಣ್ಣನೆ ಜೆಲ್ ಹಚ್ಚಿ, ರಕ್ತದ ಓಟ ಅಳೆಯುವ ಡಾಪ್ಲರ್ ಅನ್ನೋ ಸ್ಕ್ಯಾನರ್ ಒತ್ತಿ ಹಿಡಿದರೆ ಮೆದುಳಿಗೆ ಹೋಗುವ ರಕ್ತದ ಸದ್ದು ಶ್ಶೂ ಶ್ಶೂ ಅಂತ ಕೇಳುತ್ತದೆ. ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಸಲ ಅಲ್ಲಿನ ಮೂಳೆ ದಾಟಿ ಸದ್ದು ಬರುವುದೇ ಇಲ್ಲ. ಒಬ್ಬ ಅಜ್ಜಿಗೆ ಅರ್ಧ ಗಂಟೆ ಹುಡುಕಿದೆ. 'ಒಳಗೆ ಏನೂ ಇಲ್ವೇನಮ್ಮಾ?' ಅಂದರು. ನಾನು ಬೆವರುತ್ತಿದ್ದೆ, ಅವರು ನಗುತ್ತಿದ್ದರು.

ಯಾಕೆ ಇದೆಲ್ಲ ಅಂದರೆ, ನಾವು ತಟ್ಟನೆ ಎದ್ದು ನಿಂತಾಗ ಬಿಪಿ ಒಂದು ಕ್ಷಣ ಕುಸಿಯುತ್ತದೆ. ಆಗ ಮೆದುಳಿನ ರಕ್ತನಾಳಗಳು ಕೆಲವೇ ಸೆಕೆಂಡಿನಲ್ಲಿ ಹಿಗ್ಗಿ ರಕ್ತ ಕಮ್ಮಿಯಾಗದ ಹಾಗೆ ನೋಡಿಕೊಳ್ಳುತ್ತವೆ. ಆಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಬಂದವರಲ್ಲಿ ಈ ಹೊಂದಾಣಿಕೆ ಕೆಟ್ಟಿದ್ದರೆ? ಬಿಪಿ ಮಾತ್ರೆ ಕೊಟ್ಟು ನಾವೇ ಮೆದುಳನ್ನು ಉಪವಾಸ ಕೆಡವಿದ ಹಾಗಾಗುತ್ತದಾ? ಈ ಭಯ ಡಾಕ್ಟರುಗಳಿಗೂ ಇತ್ತು. ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಡಾಕ್ಟರ್ ಯುರ್ಗನ್ ಕ್ಲಾಸನ್ ಅವರ ತಂಡ 2018ರಲ್ಲಿ ನೋಡಿದಾಗ, ಆಲ್ಝೈಮರ್ ಇದ್ದವರಲ್ಲೂ ಈ ಹೊಂದಾಣಿಕೆ ಚೆನ್ನಾಗಿಯೇ ಇತ್ತು. ಮರುವರ್ಷ ಅದೇ ತಂಡದ ಇನ್ನೊಂದು ಅಧ್ಯಯನ. 44 ರೋಗಿಗಳಲ್ಲಿ ಕೆಲವರಿಗೆ ನಿಲ್ವಾಡಿಪಿನ್ ಅನ್ನೋ ಬಿಪಿ ಮಾತ್ರೆ, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ. ಆರು ತಿಂಗಳಾದ ಮೇಲೆ ಬಿಪಿ ಇಳಿದಿತ್ತು, ಆದರೆ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಮೆದುಳಿನ ಭಾಗಕ್ಕೆ ಹೋಗುವ ರಕ್ತ ಸುಮಾರು 20% ಜಾಸ್ತಿಯಾಗಿತ್ತು! ಹಾಗಂತ ಅದು ಮರೆವಿಗೆ ಮದ್ದಲ್ಲ. ಅದೇ ಮಾತ್ರೆಯ 511 ಜನರ ದೊಡ್ಡ ಪ್ರಯೋಗದಲ್ಲಿ ಕಾಯಿಲೆ ನಿಧಾನವಾಗಲಿಲ್ಲ. ಮೊದಲ ವರ್ಷ ಈ ಪೇಪರುಗಳನ್ನು ಓದಿಯೇ ನಾನು ಈ ದಾರಿಗೆ ಬಿದ್ದದ್ದು, ಅವರಿಗೂ ಒಂದು ಥ್ಯಾಂಕ್ಸ್. ನನ್ನ ಲೆಕ್ಕ ಏನು ಹೇಳಿತು ಅನ್ನುವುದು ಜರ್ನಲಿನವರ ಕೈಯಲ್ಲಿದೆ, ಬರಲಿ, ಆಮೇಲೆ ಹೇಳುತ್ತೇನೆ.

2020ರಲ್ಲಿ ಎಲ್ಲ ನಿಂತುಹೋಯಿತು. ಎಪ್ಪತ್ತು ದಾಟಿದವರನ್ನು ಲ್ಯಾಬಿಗೆ ಕರೆಯುವುದಾದರೂ ಹೇಗೆ? ಒಂದೂವರೆ ವರ್ಷ ಕುರ್ಚಿ ಖಾಲಿ. ಬಿಟ್ಟುಬಿಡುತ್ತೇನೆ ಅಂದಾಗ ನಮ್ಮ ಗೈಡ್ ಮೇಡಂ ಬೈಯಲಿಲ್ಲ, 'ಮೊದಲು ಊಟ ಮಾಡು' ಅಂದರು ಅಷ್ಟೇ. ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದು ಎಸಿ ಹಾಕಿಡುತ್ತಿದ್ದ ಅಟೆಂಡರ್ ಅಣ್ಣನಿಗೆ, ಎರಡು ಬಸ್ಸು ಬದಲಿಸಿ ಅಮ್ಮನನ್ನು ಕರೆತಂದ ಮಕ್ಕಳಿಗೆ, ಅರ್ಧ ದಿನದ ಸಂಬಳ ಬಿಟ್ಟು ಬಂದ ಸೊಸೆಯಂದಿರಿಗೆ ಏನು ಹೇಳಿದರೂ ಕಮ್ಮಿಯೇ.

ಅಪ್ಪ, ನಿಮಗೆ ಬೇರೆ ಮಾತು. ಬಿಪಿ ತಾನಾಗಿಯೇ ನಾರ್ಮಲ್ ಆಯ್ತು ಅಂತ ಖುಷಿಯಲ್ಲಿ ಮಾತ್ರೆ ಬಿಟ್ಟಿರಿ, ಅಲ್ವಾ? ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 70 ವಯಸ್ಸಿನವರನ್ನು 15 ವರ್ಷ ಹಿಂಬಾಲಿಸಿ ನೋಡಿದ್ದರು. ಮುಂದೆ ಮರೆವು ಬಂದವರಲ್ಲಿ ಎಪ್ಪತ್ತರಲ್ಲೇ ಬಿಪಿ ಹೆಚ್ಚಿತ್ತು, ಕಾಯಿಲೆ ಕಾಣಿಸುವ ಮುಂಚೆ ತಾನಾಗಿಯೇ ಇಳಿದಿತ್ತು. ಇದು 1996ರಲ್ಲೇ ಅಚ್ಚಾದದ್ದು. ಹೆದರಿಸುತ್ತಿಲ್ಲ, ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ.

ಥೀಸಿಸ್‌ನಲ್ಲಿ ಯಾರ ಹೆಸರೂ ಇಲ್ಲ, ಹಾಕುವ ಹಾಗೂ ಇಲ್ಲ, ಬರೀ ನಂಬರು. ಯಾವ ನಂಬರು ಯಾರು ಅಂತ ನನಗೆ ಗೊತ್ತು. 'ಒಳಗೆ ಏನೂ ಇಲ್ವೇನಮ್ಮಾ' ಅಂದಿದ್ದ ಅಜ್ಜೀ, ನಾಲ್ಕನೇ ಅಧ್ಯಾಯದ ಮೊದಲ ಚಿತ್ರದಲ್ಲಿರುವ ಗೆರೆ ನಿಮ್ಮದು. ಬಲಗಡೆ ಕೊನೆವರೆಗೂ ಸಿಗಲಿಲ್ಲ, ಎಡಗಡೆ ಸಿಕ್ಕಿತು.