ಮೇಷ್ಟ್ರ ಕಥೆಯನ್ನು ಶಿಷ್ಯನ ಪದಕದಿಂದ ಶುರು ಮಾಡಬೇಡ

ಪ್ರೀತಿಯ ತಮ್ಮಾ,

ದಕ್ಷಿಣ ಕೊರಿಯಾದ ಪಿಯಾನೋ ಮೇಷ್ಟ್ರು ಸೊನ್ ಮಿನ್‌ಸೂ ಅವರ ಬಗ್ಗೆ ನೀನು ಬರೆದಿದ್ದನ್ನು ಓದಿದೆ. ಓದಿಸಿಕೊಂಡು ಹೋಗುತ್ತದೆ. ಆದರೆ ಇದು ಅವರ ಕಥೆಯಲ್ಲ, ಅವರ ಶಿಷ್ಯನ ಕಥೆ. 2022ರ ಜೂನ್, ಟೆಕ್ಸಸ್‌ನ ಫೋರ್ಟ್ ವರ್ತ್, ವ್ಯಾನ್ ಕ್ಲೈಬರ್ನ್ ಪಿಯಾನೋ ಸ್ಪರ್ಧೆ, 18ರ ಹರೆಯದ ಯುನ್‌ಚಾನ್ ಲಿಮ್‌ಗೆ ಚಿನ್ನದ ಪದಕ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಬೇರೆ ಯಾರೂ ಗೆದ್ದಿರಲಿಲ್ಲ. ಫೈನಲ್‌ನಲ್ಲಿ ಲಿಮ್ ನುಡಿಸಿದ ರಾಕ್ಮನಿನೊವ್ ಮೂರನೇ ಕನ್ಸರ್ಟೊವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಯೂಟ್ಯೂಬ್‌ನಲ್ಲಿ ಕೋಟಿಗೂ ಜಾಸ್ತಿ ಸಲ ನೋಡಲಾಗಿದೆ. ಪಿಯಾನೋ ಕೇಳುವವರಿಗೆ ಇದೆಲ್ಲ ಗೊತ್ತಿರುವುದೇ. ನಿನ್ನ ಲೇಖನದಲ್ಲಿ ಮೇಷ್ಟ್ರು ಬರುವುದು ಎರಡನೇ ಪುಟಕ್ಕೆ, ಅದೂ ಹುಡುಗನ ಬೆನ್ನು ತಟ್ಟುವುದಕ್ಕೆ.

ಹೀಗೆ ಬರೆದರೆ ಪಾಠ ಹೇಳುವವರ ಇಡೀ ಬದುಕು ಆ ಒಂದು ಸಂಜೆಗಾಗಿ ನಡೆದ ತಯಾರಿಯ ಹಾಗೆ ಕಾಣುತ್ತದೆ. ಸೊನ್ ಅವರ ಬದುಕು ಹಾಗಿಲ್ಲ. 1976ರಲ್ಲಿ ಹುಟ್ಟಿದವರು. ಕೊರಿಯಾದಿಂದ ಬಾಸ್ಟನ್‌ಗೆ ಹೋಗಿ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿನಲ್ಲಿ ಕಲಿತರು. 2006ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆಯುವ ಹಾನೆನ್ಸ್ ಪಿಯಾನೋ ಸ್ಪರ್ಧೆ ಗೆದ್ದರು. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ರೆಕಾರ್ಡ್ ಮಾಡಿದರು. ಮಿಷಿಗನ್‌ನಲ್ಲಿ ಪಾಠ ಹೇಳಿ, 2015ರಲ್ಲಿ ಕೊರಿಯಾದ ರಾಜಧಾನಿ ಸೋಲ್‌ನ ಕೊರಿಯಾ ರಾಷ್ಟ್ರೀಯ ಕಲಾ ವಿಶ್ವವಿದ್ಯಾಲಯಕ್ಕೆ ಬಂದರು. ಪಾಠ ಶುರುವಾಯಿತು ಅಂತ ತಮ್ಮ ನುಡಿಸುವಿಕೆ ಬಿಡಲಿಲ್ಲ. ಲಿಮ್ ಶಿಷ್ಯನಾಗಿದ್ದ ವರ್ಷಗಳಲ್ಲೇ ಬೇಥೋವನ್‌ನ 32 ಸೊನಾಟಾಗಳನ್ನೂ ಒಂದೊಂದಾಗಿ ವೇದಿಕೆಯಲ್ಲಿ ನುಡಿಸಿದರು. ಇದಕ್ಕೆ ನೀನು ಕೊಟ್ಟಿರುವುದು ಅರ್ಧ ವಾಕ್ಯ! ಪಾಠ ಹೇಳುತ್ತಾ ಅಷ್ಟನ್ನು ನುಡಿಸುವುದು ಸಣ್ಣ ಮಾತಲ್ಲ. ತಮ್ಮ ಅಭ್ಯಾಸಕ್ಕೆ ಬೇಕಾದ ಗಂಟೆಗಳನ್ನೇ ಶಿಷ್ಯರೂ ಕೇಳುತ್ತಾರೆ, ಅಲ್ವಾ?

ಈ ಎಳೆದಾಟ ಎಷ್ಟು ಜೋರು ಅಂತ ತಿಳಿಯಬೇಕಾದರೆ ಕೊರಿಯಾದ ಇನ್ನೊಬ್ಬ ಪಿಯಾನೋ ವಾದಕಿ ಪೈಕ್ ಹೇಸನ್ ಅವರನ್ನು ನೋಡು. 1994ರಲ್ಲಿ ಮಾಸ್ಕೋದ ಚೈಕೋವ್ಸ್ಕಿ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಪಡೆದವರು. ಆ ವರ್ಷ ಪಿಯಾನೋದಲ್ಲಿ ಮೊದಲನೇ ಬಹುಮಾನ ಯಾರಿಗೂ ಕೊಡಲಿಲ್ಲ. ಇನ್ನೂ ಮೂವತ್ತರ ಆಸುಪಾಸಿನಲ್ಲೇ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಕೊರಿಯಾದಲ್ಲಿ ಸಂಗೀತಗಾರರಿಗೆ ಅದಕ್ಕಿಂತ ದೊಡ್ಡ ಕೆಲಸ ಸಿಗುವುದು ಕಷ್ಟ. ನುಡಿಸುವುದಕ್ಕೆ ಸಮಯ ಬೇಕೆಂದು 2005ರಲ್ಲಿ ಅದನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಈಗ ಅದೇ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಪಾಠ ಹೇಳುತ್ತಾರೆ. ಇವರನ್ನೂ ಸೊನ್ ಅವರನ್ನೂ ಪಕ್ಕಪಕ್ಕ ಇಟ್ಟು ಬರೆದರೆ ನಿನ್ನ ಲೇಖನಕ್ಕೆ ಬೆನ್ನೆಲುಬು ಬರುತ್ತದೆ.

ಇಬ್ಬರಿಗೂ ಕಲಿಸಿದವರು ಒಬ್ಬರೇ ದಂಪತಿ, ರಸೆಲ್ ಶರ್ಮನ್ ಮತ್ತು ಬ್ಯುನ್ ಹ್ವಾಕ್ಯುಂಗ್. ನೀನು ಶರ್ಮನ್ ಹೆಸರು ಹೇಳಿದ್ದೀಯ, ಬ್ಯುನ್ ಅವರನ್ನು ಬಿಟ್ಟೇಬಿಟ್ಟಿದ್ದೀಯ. ಅದು ನನಗೆ ನೋವಾಯಿತು. ಕೊರಿಯಾದಿಂದ ಬಂದು ಬಾಸ್ಟನ್‌ನಲ್ಲಿ ದಶಕಗಟ್ಟಲೆ ಪಾಠ ಹೇಳಿದ ಹೆಂಗಸು. ಕೊರಿಯಾದ ಪಿಯಾನೋ ಕಥೆ ಅವರಿಲ್ಲದೆ ಪೂರ್ತಿಯಾಗುವುದಿಲ್ಲ.

ಈಗ ನಿನ್ನ ಕೈಗೆ ಸಿಕ್ಕಿಯೂ ತಪ್ಪಿಹೋದ ವಿಷಯ. ಕ್ಲೈಬರ್ನ್ ಸೆಮಿಫೈನಲ್‌ನಲ್ಲಿ ಲಿಮ್ ನುಡಿಸಿದ್ದು 19ನೇ ಶತಮಾನದ ಸಂಗೀತಗಾರ ಲಿಸ್ಟ್‌ನ ಟ್ರಾನ್ಸೆಂಡೆಂಟಲ್ ಎಟ್ಯೂಡ್ಸ್ (ಎಟ್ಯೂಡ್ ಅಂದರೆ ಕೈಚಳಕ ಪಳಗಿಸುವ ಅಭ್ಯಾಸದ ಕೃತಿ), 12ಕ್ಕೆ 12. ಒಂದು ಗಂಟೆಗೂ ಮೀರಿದ ಸಂಗೀತ. ಇವೇ ಎಟ್ಯೂಡ್‌ಗಳನ್ನು ನುಡಿಸಿ ಸೊನ್ ಅವರ ಮೇಷ್ಟ್ರು ಶರ್ಮನ್ ಹೆಸರಾಗಿದ್ದರು, ರೆಕಾರ್ಡ್ ಕೂಡ ಮಾಡಿದ್ದರು. ಶರ್ಮನ್ ಕಲಿತದ್ದು ಪಿಯಾನೋ ವಾದಕ ಸ್ಟಾಯರ್‌ಮನ್ ಹತ್ತಿರ, ಸ್ಟಾಯರ್‌ಮನ್ ಕಲಿತದ್ದು ಲಿಸ್ಟ್ ಸಂಗೀತ ನುಡಿಸುವುದಕ್ಕೆ ಹೆಸರಾದ ಬುಸೋನಿ ಹತ್ತಿರ. ಇನ್ನೂ ಒಂದಿದೆ. ಲಿಸ್ಟ್ ಇವನ್ನು ಹದಿಹರೆಯದಲ್ಲೇ ಒಂದು ರೂಪದಲ್ಲಿ ಬರೆದಿದ್ದ. ಎರಡು ಸಲ ತಿದ್ದಿ 1852ರಲ್ಲಿ ಕೊನೆಯ ರೂಪ ಪ್ರಕಟಿಸಿದಾಗ ಅರ್ಪಿಸಿದ್ದು ತನ್ನ ಮೇಷ್ಟ್ರು ಕಾರ್ಲ್ ಚೆರ್ನಿಗೆ, ವಿಯೆನ್ನಾದಲ್ಲಿ ಕಾಸೂ ತೆಗೆದುಕೊಳ್ಳದೆ ಪಾಠ ಹೇಳಿದವನಿಗೆ. ನಿನ್ನ ಲೇಖನ ಇಲ್ಲಿಂದ ಶುರುವಾಗಲಿ. ಪದಕ ಆಮೇಲೆ ತಾನಾಗಿ ಬರುತ್ತದೆ, ಬಂದಾಗ ಅದರ ತೂಕವೂ ಬೇರೆ ಇರುತ್ತದೆ.

ಶರ್ಮನ್ ರೆಕಾರ್ಡಿಂಗ್ ಕೇಳು, ಲಿಮ್ ನುಡಿಸಿದ್ದು ಕೇಳು, ಹಿಂದೆ ಮುಂದೆ ಹಾಕಿ ಕೇಳು. ಎಲ್ಲಿ ಬೇರೆ ಅನ್ನಿಸಿತೋ ಅದನ್ನು ನಿನ್ನ ಮಾತಿನಲ್ಲಿ ಬರಿ. "ಮೇಷ್ಟ್ರ ಛಾಯೆ ಎದ್ದು ಕಾಣುತ್ತದೆ" ಅಂತ ಸುಮ್ನೆ ಬರೆಯಬೇಡ. ಒಳ್ಳೆಯ ಪಾಠವಾದರೆ ಛಾಯೆ ಕಾಣದೆಯೂ ಇರಬಹುದು.

ತರಗತಿಯ ದೃಶ್ಯವನ್ನಂತೂ ತೆಗೆದುಬಿಡು. ಮಳೆ, ಅರೆಬೆಳಕು, ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಇದನ್ನೆಲ್ಲ ನೀನು ನೋಡಿಲ್ಲ. ಯಾರೂ ನಿನಗೆ ಹೇಳಿಯೂ ಇಲ್ಲ. ನಮ್ಮ ಗುರುಕುಲದ ಚಿತ್ರವನ್ನು ಸೋಲ್‌ಗೆ ಒಯ್ದು ಅಂಟಿಸಬೇಡ. ಅದು ವೇಳಾಪಟ್ಟಿ, ಫೀಸು, ಪರೀಕ್ಷೆ ಇರುವ ವಿಶ್ವವಿದ್ಯಾಲಯ. ಅದರೊಳಗೇ ಈ ನಂಟು ಬೆಳೆಯಿತು ಎಂಬುದು ಇನ್ನೂ ದೊಡ್ಡ ಸಂಗತಿ. 2023ರಲ್ಲಿ ಸೊನ್ ತಾವು ಕಲಿತ ಕನ್ಸರ್ವೇಟರಿಗೇ ಮೇಷ್ಟ್ರಾಗಿ ಹೊರಟರು, ಲಿಮ್ ಕೂಡ ಅಲ್ಲಿಗೇ ಹೋಗಿ ಅವರ ಹತ್ತಿರವೇ ಕಲಿಕೆ ಮುಂದುವರಿಸಿದರು. ಗೆದ್ದ ಮೇಲೂ, ಜಗತ್ತೆಲ್ಲ ಕಛೇರಿಗೆ ಕರೆಯುತ್ತಿದ್ದಾಗಲೂ. ಈ ಒಂದು ನಿಜದ ಮುಂದೆ ನಿನ್ನ ಮಳೆ ಏನೂ ಅಲ್ಲ.

ಲಿಮ್ ಏಳನೇ ವಯಸ್ಸಿನಲ್ಲಿ ಪಿಯಾನೋ ಮುಟ್ಟಿದ್ದು ಮನೆ ಹತ್ತಿರದ ಹಾಗ್‌ವಾನ್‌ನಲ್ಲಿ, ಅಂದರೆ ಬೀದಿಬೀದಿಗೂ ಇರುವ ಖಾಸಗಿ ಪಾಠದ ಕೇಂದ್ರದಲ್ಲಿ. ಸೊನ್ ಸಿಕ್ಕಿದ್ದು 13ರ ಹೊತ್ತಿಗೆ. ಅದಕ್ಕೆ ಮೊದಲು ಬೆರಳು ತಿದ್ದಿದವರಿಗೂ ಒಂದು ಸಾಲು ಕೊಡು.

ತಿದ್ದಿದ್ದನ್ನು ಪೂರ್ತಿ ಆಗುವವರೆಗೆ ಇಟ್ಟುಕೊಳ್ಳಬೇಡ. ಲಿಸ್ಟ್ ಭಾಗ ಮುಗಿದ ತಕ್ಷಣ ಅಷ್ಟನ್ನೇ ಕಳಿಸು, ಓದಲು ನನಗೆ ಆತುರವಿದೆ.

ಇಂತಿ,
ನಿನ್ನ ಅಕ್ಕ